ಯಾರೊಂದಿಗೆ ಬಾಳುವುದು: ಮಾಂಗಾ ಕಥನದಲ್ಲಿ ಅಲೈಂಗಿಕ ಪಾತ್ರಗಳು



ಈ ವರ್ಷದ ದತ್ತಿ ಉಪನ್ಯಾಸಕ್ಕೆ ಜಪಾನಿನ ಚಿತ್ರಕಥೆಗಳಾದ ಮಾಂಗಾವನ್ನು, ಅದರಲ್ಲೂ ಅಲೈಂಗಿಕ ಪಾತ್ರಗಳ ಚಿತ್ರಣವನ್ನು ಆರಿಸಿಕೊಂಡಿದ್ದೇನೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಹದಿಹರೆಯದವರು ಯಾವ ಕಪಾಟಿನ ಮುಂದೆ ನಿಂತೇ ಓದುತ್ತಾರೆ ಎಂಬುದನ್ನು ಗಮನಿಸಿದವರಿಗೆ ಈ ಆಯ್ಕೆ ವಿಚಿತ್ರ ಅನ್ನಿಸಲಿಕ್ಕಿಲ್ಲ. ಪ್ರೀತಿ ಎಂದರೆ ಏನು, ಅದು ಬಂದಾಗ ಎದೆಯಲ್ಲಿ ಏನಾಗಬೇಕು ಎಂಬುದನ್ನು ನಮ್ಮ ಮಕ್ಕಳು ಸಿನಿಮಾದಿಂದ ಕಲಿಯುವ ಹಾಗೆಯೇ ಈಗ ಮಾಂಗಾದಿಂದಲೂ ಕಲಿಯುತ್ತಿದ್ದಾರೆ. ಅದು ಏನನ್ನು ಕಲಿಸುತ್ತಿದೆ, ಯಾರನ್ನು ಹೊರಗೆ ನಿಲ್ಲಿಸಿ ಕಲಿಸುತ್ತಿದೆ ಎಂದು ಕೇಳುವುದು ಸಾಹಿತ್ಯದ ಅಧ್ಯಾಪಕರ ಕೆಲಸವೇ ಎಂದು ನಾನು ನಂಬಿದ್ದೇನೆ.

ಮೊದಲು ಒಂದಿಷ್ಟು ಸ್ಪಷ್ಟನೆ. ಬೇರೆಯವರ ಕಡೆಗೆ ಲೈಂಗಿಕ ಸೆಳೆತ ಹುಟ್ಟದವರು, ಅಥವಾ ತೀರ ಅಪರೂಪಕ್ಕೆ ಹುಟ್ಟುವವರು ಅಲೈಂಗಿಕರು. ಪ್ರಣಯದ ಸೆಳೆತವೇ ಇಲ್ಲದವರನ್ನು ಏರೊಮ್ಯಾಂಟಿಕ್ ಎನ್ನುತ್ತಾರೆ. ಎರಡೂ ಒಬ್ಬರಲ್ಲೇ ಇರಬಹುದು, ಒಂದಿದ್ದು ಇನ್ನೊಂದು ಇಲ್ಲದಿರಲೂಬಹುದು. ಅಮೆರಿಕದ ಡೇವಿಡ್ ಜೇ 2001ರಲ್ಲಿ ಏವೆನ್ ಎಂಬ ಬಳಗವನ್ನು ಕಟ್ಟಿದ ಮೇಲೆ ಇಂಥವರು ದೇಶ ದೇಶಗಳಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಳ್ಳಲು ದಾರಿಯಾಯಿತು. 2004ರಲ್ಲಿ ಕೆನಡಾದ ಮನೋವಿಜ್ಞಾನಿ ಆಂಟನಿ ಬೊಗಾರ್ಟ್ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯೊಂದರ ಉತ್ತರಗಳನ್ನು ಪರಿಶೀಲಿಸಿದರು. ತಮಗೆ ಯಾರ ಮೇಲೂ ಲೈಂಗಿಕ ಸೆಳೆತ ಉಂಟಾಗಿಲ್ಲ ಎಂದವರು ಅದರಲ್ಲಿ ಸುಮಾರು ಶೇ. 1ರಷ್ಟಿದ್ದರು. ಇದು ಕಾಯಿಲೆಯಲ್ಲ, ಭಯವಲ್ಲ, ಮುಖ್ಯವಾಗಿ ವ್ರತವಲ್ಲ.

ವ್ರತವಲ್ಲ ಎಂಬುದನ್ನು ನಮ್ಮಂಥವರ ನಡುವೆ ಒತ್ತಿ ಹೇಳಬೇಕಾಗುತ್ತದೆ. ಕಾಮದಿಂದ ದೂರವಿರುವವರಿಗೆ ನಮ್ಮಲ್ಲಿ ಮರ್ಯಾದೆಯ ಪೀಠವೊಂದಿದೆ, ಆದರೆ ಅದು ತ್ಯಾಗಿಗಳಿಗೆ ಮೀಸಲು. ಭೀಷ್ಮ ಬಿಟ್ಟುಕೊಟ್ಟ, ಬಿಟ್ಟುಕೊಡಲು ಅವನಲ್ಲಿ ಆಸೆ ಇತ್ತು ಎಂಬುದರಲ್ಲೇ ಆ ಕಥೆಯ ಶಕ್ತಿ ಇದೆ. ಅಲೈಂಗಿಕ ವ್ಯಕ್ತಿ ಏನನ್ನೂ ಬಿಟ್ಟುಕೊಟ್ಟಿಲ್ಲ. ಹಾಗಾಗಿ ಅವರಿಗೆ ಪೀಠವೂ ಇಲ್ಲ, ಸಂಸಾರಿಗಳ ಪಂಕ್ತಿಯಲ್ಲಿ ಎಲೆಯೂ ಇಲ್ಲ. ನ್ಯಾಯಾಲಯದ ಮುಂದೆ ಈ ವಿಷಯ ಬರುವುದೂ ಹೆಚ್ಚಾಗಿ ವ್ರತದ ರೂಪದಲ್ಲೇ. ಆಧ್ಯಾತ್ಮಿಕ ಕಾರಣಕ್ಕೆ ಪತ್ನಿಯೊಡನೆ ದೈಹಿಕ ಸಂಬಂಧ ಬೇಡವೆಂದ ಪತಿಯೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅದು ಕ್ರೌರ್ಯವಾದೀತು, ದಂಡ ಸಂಹಿತೆಯ 498ಎ ಪ್ರಕಾರ ಅಪರಾಧವಾಗದು ಎಂದು ಹೇಳಿ ಕ್ರಿಮಿನಲ್ ಪ್ರಕರಣವನ್ನು ರದ್ದುಪಡಿಸಿತು. ವ್ರತವೂ ಇಲ್ಲದ, ದ್ವೇಷವೂ ಇಲ್ಲದ, ಸುಮ್ಮನೆ ಹಾಗಿರುವ ಮನುಷ್ಯನ ಬಗ್ಗೆ ಕಾನೂನಾಗಲಿ ನೆಂಟರಿಷ್ಟರಾಗಲಿ ಯೋಚಿಸಿದ್ದು ಕಡಿಮೆ. 'ಕಂಕಣಭಾಗ್ಯ ಇನ್ನೂ ಕೂಡಿ ಬಂದಿಲ್ಲ' ಎಂದು ಹೇಳಿ ಮಾತು ಮುಗಿಸಿಬಿಡುತ್ತೇವೆ.

ಮಾಂಗಾ ಕೂಡ ಬಹುಕಾಲ ಮಾಡಿದ್ದು ಇದನ್ನೇ. ಹುಡುಗರ ಸಾಹಸ ಕಥೆಗಳ ನಾಯಕನಿಗೆ ಪ್ರೇಮದ ಗೊಡವೆ ಇರುವುದಿಲ್ಲ. ಅದನ್ನು ಅವನ ಎಳಸುತನವೆಂದು ತೋರಿಸಲಾಗುತ್ತದೆ. ಐಇಚಿರೊ ಓಡಾ 1997ರಿಂದ ಬರೆಯುತ್ತಿರುವ 'ಒನ್ ಪೀಸ್' ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಅದರಲ್ಲಿ ಬೋವಾ ಹ್ಯಾಂಕಾಕ್ ಎಂಬ ಕಡಲುಗಳ್ಳರ ರಾಣಿಗೆ ಒಂದು ಶಕ್ತಿ ಇದೆ. ಅವಳ ಚೆಲುವಿಗೆ ಮನಸೋತವರೆಲ್ಲ ಕಲ್ಲಾಗುತ್ತಾರೆ. ಅವಳು ಆ ಶಕ್ತಿಯನ್ನು ನಾಯಕ ಲೂಫಿಯ ಮೇಲೆ ಬಿಟ್ಟಾಗ ಅವನಿಗೆ ಏನೂ ಆಗುವುದಿಲ್ಲ. ಓದುಗರು ನಗುತ್ತಾರೆ, ಕಥೆ ಮುಂದೆ ಓಡುತ್ತದೆ. ಅಲೈಂಗಿಕ ಓದುಗರು ಮಾತ್ರ ಆ ಪುಟದಲ್ಲಿ ನಿಂತುಕೊಂಡರು. ಎಲ್ಲರನ್ನೂ ಕಲ್ಲು ಮಾಡುವ ಬಾಣ ತಗುಲದೇ ಹೋದರೂ ಕುಗ್ಗದ, ತನ್ನಲ್ಲಿ ಏನೋ ಕೊರತೆಯಿದೆ ಎಂದು ಚಿಂತಿಸದ ಒಬ್ಬ ನಾಯಕ ಅವರಿಗೆ ಅಲ್ಲಿ ಸಿಕ್ಕಿದ್ದ. ಲೇಖಕ ಹಾಗೆ ಹೆಸರಿಟ್ಟು ಬರೆದಿಲ್ಲ, ನಿಜ. ಬರೆಯದೇ ಉಳಿದದ್ದರಲ್ಲೂ ತಮ್ಮನ್ನು ಹುಡುಕಿಕೊಳ್ಳಬೇಕಾದ ಓದುಗರ ಹಸಿವನ್ನು ನಾವು ಹಗುರವಾಗಿ ಕಾಣಬಾರದು.

ಇನ್ನೊಂದು ಹಳೆಯ ದಾರಿ ಎಂದರೆ ಅಂಥ ಪಾತ್ರವನ್ನು ಮನುಷ್ಯಕುಲದಿಂದಲೇ ಆಚೆ ಇಡುವುದು. ಯಂತ್ರಮಾನವರು, ದೇವತೆಗಳು, ಅನ್ಯಗ್ರಹದವರು. ಹರುಕೊ ಇಚಿಕಾವಾ 2012ರಿಂದ 2024ರವರೆಗೆ ಬರೆದ 'ಹೋಸೆಕಿ ನೋ ಕುನಿ'ಯಲ್ಲಿ ಮುಖ್ಯ ಪಾತ್ರಗಳು ರತ್ನಗಳು. ಅವರಿಗೆ ಲಿಂಗವಿಲ್ಲ, ಸಂತಾನವಿಲ್ಲ, ಮುಪ್ಪಿಲ್ಲ. ಅದು ಅಪೂರ್ವ ಕೃತಿ, ನನಗೆ ಬಹಳ ಪ್ರಿಯವಾದದ್ದು. ಆದರೂ ಕಾಮವಿಲ್ಲದ ಬದುಕನ್ನು ಕಲ್ಪಿಸಿಕೊಳ್ಳಲು ಮೊದಲು ಮಾಂಸವನ್ನೇ ತೆಗೆದುಹಾಕಬೇಕಾಯಿತು ಎಂಬುದು ಯೋಚಿಸಬೇಕಾದ ಸಂಗತಿ. ಮೈ, ಹಸಿವು, ಬೆವರು, ಬಾಡಿಗೆ ಮನೆ ಎಲ್ಲ ಇದ್ದೂ ಈ ಒಂದು ಸೆಳೆತವಿಲ್ಲದ ಮನುಷ್ಯರನ್ನು ಬರೆಯುವ ಧೈರ್ಯ ಬರಲು ಇನ್ನಷ್ಟು ಕಾಲ ಹಿಡಿಯಿತು.

ಆ ತಿರುವಿನಲ್ಲಿ ನಿಂತಿರುವ ಕೃತಿ ನಿಯೊ ನಕಾತಾನಿ ಅವರ 'ಯಾಗಾತೆ ಕಿಮಿ ನಿ ನಾರು'. ಇಂಗ್ಲಿಷಿನಲ್ಲಿ 'ಬ್ಲೂಮ್ ಇನ್‌ಟು ಯೂ' ಎಂದು ಬಂದಿದೆ. 2015ರಿಂದ 2019ರವರೆಗೆ ಧಾರಾವಾಹಿಯಾಗಿ ಪ್ರಕಟವಾಯಿತು, 8 ಸಂಪುಟಗಳು. ಕೊಯಿತೊ ಯೂ ಎಂಬ ಹುಡುಗಿಯೊಂದಿಗೆ ಕಥೆ ಶುರುವಾಗುತ್ತದೆ. ಹುಡುಗಿಯರ ಮಾಂಗಾಗಳಲ್ಲಿ, ಪ್ರೇಮಗೀತೆಗಳಲ್ಲಿ ಬರುವ ಮಾತುಗಳೆಲ್ಲ ಅವಳಿಗೆ ಗೊತ್ತು. ಅವು ಹೊಳೆಯುತ್ತವೆ ಎಂದೂ ಗೊತ್ತು. ಆದರೆ ಶಾಲೆ ಮುಗಿಯುವಾಗ ಪರಿಚಯದ ಹುಡುಗನೊಬ್ಬ ತನ್ನ ಪ್ರೀತಿಯನ್ನು ಹೇಳಿಕೊಂಡಾಗ ಆ ಹೊಳಪು ಅವಳ ಎದೆಗೆ ಇಳಿಯುವುದಿಲ್ಲ. ಕಾಲು ನೆಲ ಬಿಟ್ಟು ಏಳಬೇಕಿತ್ತು, ಏಳಲಿಲ್ಲ. ಉತ್ತರ ಕೊಡಲಾಗದೆ ದಿನ ತಳ್ಳುತ್ತಾಳೆ.

ಇಲ್ಲಿ ಮಾಂಗಾ ತನ್ನನ್ನೇ ಸಾಕ್ಷಿಕಟ್ಟೆಗೆ ಕರೆದುಕೊಂಡಿದೆ. ಕಣ್ಣಲ್ಲಿ ನಕ್ಷತ್ರ, ಚೌಕಟ್ಟಿನ ಹಿಂದೆ ಅರಳುವ ಹೂಗಳು, ಎದೆಬಡಿತದ ದೊಡ್ಡ ಅಕ್ಷರಗಳು. ಹುಡುಗಿಯರ ಮಾಂಗಾ ಹಲವು ದಶಕಗಳಿಂದ ಬೆಳೆಸಿದ ಈ ಚಿತ್ರಭಾಷೆಯೇ ಯೂಗೆ ಅಳತೆಗೋಲಾಗಿದೆ. ಆ ಅಳತೆಗೆ ತಾನು ಸಿಗಲಿಲ್ಲ ಎಂಬುದು ಅವಳ ನೋವು. ಪ್ರೇಮದ ಬಗ್ಗೆ ಬರೆದ ಸಾಹಿತ್ಯವೇ ಪ್ರೇಮ ಹುಟ್ಟದವರಿಗೆ ಹೇಗೆ ಒಂಟಿತನವನ್ನು ಕಲಿಸುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಆರಂಭ ಅಪರೂಪ. ಮುಂದೆ ಯೂ ನಿಧಾನವಾಗಿ ತನ್ನ ಹಿರಿಯ ಸಹಪಾಠಿ ನಾನಾಮಿ ತೌಕೊಳನ್ನು ಪ್ರೀತಿಸುತ್ತಾಳೆ. ಕಥೆಯಾಗಿ ಅದು ಚೆನ್ನಾಗಿದೆ, ಹೆಣ್ಣು ಹೆಣ್ಣಿನ ಪ್ರೇಮದ ಕಥನವಾಗಿ ಅದಕ್ಕೆ ದೊಡ್ಡ ಮಹತ್ವವಿದೆ. ಆದರೆ ಮೊದಲ ಪುಟಗಳಲ್ಲಿ ತಮ್ಮನ್ನು ಕಂಡುಕೊಂಡ ಓದುಗರಿಗೆ ಕೊನೆಯಲ್ಲಿ ಸಿಕ್ಕಿದ್ದು 'ನಿನಗೂ ಒಂದು ದಿನ ಆಗುತ್ತದೆ ಬಿಡು' ಎಂಬ, ಮನೆಯಲ್ಲಿ ಅವರು ಕೇಳುತ್ತಲೇ ಬಂದ ಮಾತು.

ಅದೇ ಕೃತಿಯಲ್ಲಿ ಮಾಕಿ ಸೇಜಿ ಎಂಬ ಹುಡುಗನಿದ್ದಾನೆ. ಪಕ್ಕದ ಪಾತ್ರ, ಆದರೆ ನನ್ನ ಮಟ್ಟಿಗೆ ಅವನೇ ಆ ಪುಸ್ತಕದ ದೊಡ್ಡ ಸಾಧನೆ. ಬೇರೆಯವರ ಪ್ರೇಮ ಅವನಿಗೆ ಇಷ್ಟ, ನಾಟಕ ನೋಡುವವನಿಗೆ ರಂಗದ ಮೇಲಿನ ಪಾತ್ರಗಳು ಇಷ್ಟವಾಗುವಂತೆ. ಹಿಂದೆ ಒಬ್ಬ ಹುಡುಗಿ ತನ್ನ ಪ್ರೇಮದ ಕಷ್ಟವನ್ನು ಅವನ ಹತ್ತಿರ ಹೇಳಿಕೊಳ್ಳುತ್ತಿದ್ದಳು, ಅವನು ಆಸಕ್ತಿಯಿಂದ ಕೇಳುತ್ತಿದ್ದ. ಒಂದು ದಿನ ಅವಳು ಅವನನ್ನೇ ಪ್ರೀತಿಸುತ್ತೇನೆ ಎಂದುಬಿಟ್ಟಳು. ರಂಗದ ಮೇಲಿನ ನಟಿ ತಟ್ಟನೆ ತಿರುಗಿ ಕತ್ತಲಲ್ಲಿ ಕೂತ ಪ್ರೇಕ್ಷಕನ ಜೊತೆ ಮಾತಾಡಿದಂತೆ ಅವನಿಗೆ ಇರುಸುಮುರುಸು. ಕಥೆ ಮುಗಿದರೂ ಮಾಕಿ ಬದಲಾಗುವುದಿಲ್ಲ, ಸಂತೋಷವಾಗಿದ್ದಾನೆ. ಅವನನ್ನು ಯಾರೂ ಸರಿಮಾಡುವುದಿಲ್ಲ. ನನ್ನ ತಕರಾರು ಒಂದೇ: ಅವನಿಗೆ ಸಿಕ್ಕಿರುವುದು ಕುರ್ಚಿ ಮಾತ್ರ. ನಾಟಕ ಮುಗಿದ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ ಊಟ ಮಾಡುತ್ತಾನೆ?

ಈ ಪ್ರಶ್ನೆಯೇ ಇಂದಿನ ನನ್ನ ಮಾತಿನ ತಿರುಳು. ಕಳೆದ ಸುಮಾರು 10 ವರ್ಷಗಳ ಮಾಂಗಾಗಳನ್ನು ಓದುವಾಗ ನನಗೆ ಒಂದು ಸಂಗತಿ ಎದ್ದು ಕಂಡಿತು. ಅಲೈಂಗಿಕ ಪಾತ್ರವನ್ನು ಗಂಭೀರವಾಗಿ ತೆಗೆದುಕೊಂಡ ಕೃತಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಮನೆಯ ಬಗ್ಗೆ ಬರೆಯುತ್ತವೆ. 'ನೀನು ಯಾರನ್ನು ಪ್ರೀತಿಸುತ್ತೀಯ' ಎಂಬುದು ಪ್ರೇಮಕಥೆಯ ಪ್ರಶ್ನೆ. ಈ ಕೃತಿಗಳು ಅದನ್ನು ಪಕ್ಕಕ್ಕಿಟ್ಟು 'ನೀನು ಯಾರೊಂದಿಗೆ, ಹೇಗೆ ಬಾಳುತ್ತೀಯ' ಎಂದು ಕೇಳುತ್ತವೆ.

ಹೊನಾಮಿ ಶಿರೊನೊ ಅವರ 'ವಾತಾಶಿ ವಾ ಕಾಬೆ ನಿ ನಾರಿತಾಯ್', ಎಂದರೆ 'ನನಗೆ ಗೋಡೆಯಾಗುವ ಆಸೆ', 3 ಸಂಪುಟಗಳ ಕೃತಿ. ಗಂಡುಗಳ ನಡುವಿನ ಪ್ರೇಮಕಥೆಗಳನ್ನು ಓದುವ ಜಪಾನಿ ಹೆಂಗಸರು ಆ ಪ್ರೇಮಿಗಳ ಕೋಣೆಯ ಗೋಡೆಯಾಗಿದ್ದರೆ ಸಾಕಿತ್ತು ಎಂದು ಹೇಳಿಕೊಳ್ಳುವುದುಂಟು. ಹೆಸರು ಅಲ್ಲಿಂದ ಬಂದದ್ದು. ಯುರಿಕೊ ಅಲೈಂಗಿಕಳು. ಗಾಕುರೊತಾ ಬಾಲ್ಯದ ಗೆಳೆಯನನ್ನು ಮನಸ್ಸಿನಲ್ಲೇ ಪ್ರೀತಿಸುವ ಸಲಿಂಗಿ. ಮನೆಯವರ ಒತ್ತಾಯಕ್ಕೆ ಇಬ್ಬರೂ ಪರಸ್ಪರ ತಿಳಿದೇ ಮದುವೆಯಾಗುತ್ತಾರೆ. ಇಲ್ಲಿ ವಂಚನೆಯ ಕಥೆ ಬರೆಯುವುದು ಸುಲಭವಿತ್ತು, ಕರುಣೆಯ ಕಥೆ ಇನ್ನೂ ಸುಲಭ. ಶಿರೊನೊ ಬರೆದದ್ದು ಸ್ನೇಹದ ಸಂಸಾರವನ್ನು. ಒಬ್ಬರ ಕೋಣೆಗೆ ಇನ್ನೊಬ್ಬರು ಬಾಗಿಲು ತಟ್ಟಿ ಬರುವ ಮರ್ಯಾದೆ, ಅವನ ಹೇಳಲಾಗದ ಪ್ರೇಮದ ಮಾತನ್ನು ಅವಳು ಕಾಪಾಡುವ ಪ್ರೀತಿ. ಯಾರೋ ಇಬ್ಬರ ಕೋಣೆಯ ಗೋಡೆಯಾಗಿರಲು ಬಯಸಿದವಳಿಗೆ ಇಲ್ಲಿ ತನ್ನದೇ ಒಂದು ಕೋಣೆ ಸಿಗುತ್ತದೆ. ಮಾಕಿಗೆ ಸಿಗದದ್ದು ಯುರಿಕೊಗೆ ಸಿಕ್ಕಿದೆ.

ಸಕಾಓಮಿ ಯುಜಾಕಿಯವರು 2021ರಿಂದ ಬರೆಯುತ್ತಿರುವ, ಒಂದೇ ಕಟ್ಟಡದಲ್ಲಿ ಬಾಡಿಗೆಗಿರುವ ಅಡುಗೆ ಪ್ರೀತಿಯ ನೊಮೊತೊ ಮತ್ತು ಊಟದ ಪ್ರೀತಿಯ ಕಾಸುಗಾ ಎಂಬ ಇಬ್ಬರು ಹೆಂಗಸರ ಕಥೆಯಲ್ಲಿ ಯಾಕೊ ಎಂಬ ಗೆಳತಿ ಬರುತ್ತಾಳೆ. ತಾನು ಹೆಣ್ಣುಗಳನ್ನು ಪ್ರೀತಿಸುವವಳು, ಅಲೈಂಗಿಕಳೂ ಹೌದು ಎಂದು ಅವಳು ಊಟ ತಿಂಡಿಯ ಮಾತಿನಷ್ಟೇ ಸಲೀಸಾಗಿ ಹೇಳುತ್ತಾಳೆ. ಪ್ರೇಮ ಬೇಕು, ಲೈಂಗಿಕತೆ ಬೇಡ ಎಂಬ ಮನುಷ್ಯರೂ ಇದ್ದಾರೆ ಎಂಬುದನ್ನು ಉಪದೇಶವಿಲ್ಲದೆ ತಿಳಿಸುವ ಪಾತ್ರ ಅದು. ಉತಾ ಇಸಾಕಿಯವರ 'ಕಿಮಿ ನೋ ಸೆಕಾಯ್ ನಿ ಕೊಯಿ ವಾ ನಾಯ್' ಬೇರೆ ಬಗೆಯದು. ಅದರ ನಾಯಕಿ ಚಿಕಾಗೆ ಈ ಭೂಮಿಯಲ್ಲಿ ತಾನೊಬ್ಬ ಅನ್ಯಗ್ರಹದವಳು ಅನ್ನಿಸುತ್ತಿರುತ್ತದೆ. ಮನೋವಿಜ್ಞಾನ ಓದಲು ಕಾಲೇಜಿಗೆ ಸೇರಿದ ಮೇಲೆ ತನ್ನಂಥವರಿಗೂ ಹೆಸರಿದೆ ಎಂದು ತಿಳಿಯುತ್ತಾಳೆ. 2023ರಲ್ಲಿ ಇಂಗ್ಲಿಷಿಗೆ ಬಂದ ಈ ಪುಸ್ತಕವನ್ನು ಪಠ್ಯಪುಸ್ತಕದ ಹಾಗಿದೆ ಎಂದು ದೂರಬಹುದು. ನಾನು ದೂರುವುದಿಲ್ಲ. ಪಾಠವೇ ಇಲ್ಲದ ವಿಷಯದಲ್ಲಿ ಮೊದಲು ಬರುವ ಪುಸ್ತಕಗಳು ಪಾಠ ಮಾಡಲೇಬೇಕು.

ಮನೆಯ ವಿಚಾರ ಮಾಂಗಾದ ಆಚೆಗೂ ಹರಡಿತು. ಎನ್‌ಎಚ್‌ಕೆ ವಾಹಿನಿ 2022ರಲ್ಲಿ ಪ್ರಸಾರ ಮಾಡಿದ 'ಕೊಯಿಸೆನು ಫುತಾರಿ' ಧಾರಾವಾಹಿಯಲ್ಲಿ ಪ್ರೇಮವೂ ಕಾಮವೂ ಬೇಡದ ಒಬ್ಬ ಹೆಣ್ಣು, ಒಬ್ಬ ಗಂಡು ಒಂದೇ ಸೂರಿನಡಿ ಬದುಕತೊಡಗುತ್ತಾರೆ. ತಮ್ಮನ್ನು 'ತಾತ್ಕಾಲಿಕ ಕುಟುಂಬ' ಎಂದು ಕರೆದುಕೊಳ್ಳುತ್ತಾರೆ. ಅದನ್ನು ಬರೆದ ಯೊಶಿದಾ ಎರಿಕಾ ಅವರಿಗೆ ಮುಕೊದಾ ಕುನಿಕೊ ಪ್ರಶಸ್ತಿ ಬಂತು. ಇದೆಲ್ಲ ನಡೆಯುತ್ತಿರುವ ಕಾಲವನ್ನೂ ನೆನಪಿಡಬೇಕು. ಜಪಾನಿನ ಒಟ್ಟು ಫಲವಂತಿಕೆ ದರ 2023ರಲ್ಲಿ 1.20ಕ್ಕೆ ಇಳಿದಿತ್ತು. ಮದುವೆಯಾಗದ ಯುವಜನರತ್ತ ಬೆರಳು ಮಾಡುವುದು ಅಲ್ಲಿ ದಿನನಿತ್ಯದ ಸಂಗತಿ. ಅಂಕಣಗಾರ್ತಿ ಮಾಕಿ ಫುಕಾಸಾವಾ 2006ರಲ್ಲಿ 'ಸಸ್ಯಾಹಾರಿ ಹುಡುಗರು' ಎಂಬ ಹೆಸರನ್ನು ಬಳಕೆಗೆ ತಂದರು. ಹೆಣ್ಣಿನ ಬೆನ್ನು ಹತ್ತದ ಮೃದು ಸ್ವಭಾವದ ಗಂಡಸರನ್ನು ಅವರು ಕಂಡದ್ದು ಮೆಚ್ಚುಗೆಯಿಂದಲೇ. ಪತ್ರಿಕೆಗಳ ಬಾಯಿಗೆ ಬಿದ್ದ ಮೇಲೆ ಅದೇ ಬೈಗುಳವಾಯಿತು, ಅಲೈಂಗಿಕರನ್ನೂ ಅದೇ ಮೂಟೆಗೆ ತುಂಬಿದರು. ಜನಸಂಖ್ಯೆಯ ಲೆಕ್ಕದಲ್ಲಿ ಕೊರತೆಯಾಗಿ ಕಾಣುವವರನ್ನು ಕಥೆಯಲ್ಲಿ ಪೂರ್ಣ ಮನುಷ್ಯರನ್ನಾಗಿ ಬರೆಯುವುದು ಅಲ್ಲಿ ಸಣ್ಣ ಕೆಲಸವಲ್ಲ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಕೃತಿಗೆ ಬರುತ್ತೇನೆ: ಯೂಕಿ ಕಮಾತಾನಿ ಅವರ 'ಶಿಮಾನಾಮಿ ತಾಸೊಗಾರೆ'. 2015ರಿಂದ 2018ರವರೆಗೆ ಬಂದ ಧಾರಾವಾಹಿ, 4 ಸಂಪುಟ. ಕಮಾತಾನಿ ಗಂಡು ಹೆಣ್ಣು ಎಂಬ ವಿಂಗಡಣೆಗೆ ಸೇರದವರು, ಅಲೈಂಗಿಕರು. ಅದನ್ನು ಸಾರ್ವಜನಿಕವಾಗಿಯೇ ಹೇಳಿಕೊಂಡಿದ್ದಾರೆ. ಕಥೆ ನಡೆಯುವುದು ಹಿರೋಷಿಮಾ ಪ್ರಾಂತ್ಯದ ಒನೊಮಿಚಿಯಲ್ಲಿ. ಒಳನಾಡ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಊರು, ದೇವಾಲಯಗಳು, ವಾಹನ ಹೋಗದ ಕಡಿದಾದ ಮೆಟ್ಟಿಲ ಓಣಿಗಳು. ಚಿತ್ರನಿರ್ದೇಶಕ ಓಜು ಅವರ 1953ರ ಸಿನಿಮಾ 'ಟೋಕಿಯೊ ಸ್ಟೋರಿ' ಶುರುವಾಗುವುದು ಈ ಊರಿನಿಂದಲೇ. ಗುಡ್ಡದ ಮೇಲೆ ಜನ ಬಿಟ್ಟುಹೋದ ಮನೆಗಳು ಸಾಲುಗಟ್ಟಿವೆ, ಅವನ್ನು ದುರಸ್ತಿ ಮಾಡಿ ಮತ್ತೆ ವಾಸಕ್ಕೆ ಕೊಡುವ ಸ್ವಯಂಸೇವಾ ಸಂಸ್ಥೆ ನಿಜವಾಗಿಯೂ ಅಲ್ಲಿದೆ. ಕಥೆಯಲ್ಲೂ ಅಂಥದೊಂದು ಗುಂಪು ಇದೆ.

ಹೈಸ್ಕೂಲು ಹುಡುಗ ತಾಸುಕುವಿನ ಫೋನಿನಲ್ಲಿ ಇದ್ದ ವಿಡಿಯೊ ನೋಡಿ ಸಹಪಾಠಿಗಳು ಅವನು ಸಲಿಂಗಿ ಎಂದು ಹಂಗಿಸುತ್ತಾರೆ. ಸಾಯುವ ಯೋಚನೆಯಲ್ಲಿ ನಿಂತವನಿಗೆ ದೂರದಲ್ಲಿ ಯಾರೋ ಎತ್ತರದಿಂದ ಹಾರಿದ್ದು ಕಾಣುತ್ತದೆ. ತನ್ನ ಸಾವನ್ನು ಮರೆತು ಅತ್ತ ಓಡುತ್ತಾನೆ. ಹಾರಿದವರು ಸತ್ತಿಲ್ಲ. ಅವರ ಹೆಸರು ದಾರೆಕಾ-ಸಾನ್, ಎಂದರೆ 'ಯಾರೋ ಒಬ್ಬರು'. ಹಳೆಯ ಮನೆಯೊಂದರಲ್ಲಿ ಅವರದೊಂದು ಮಾತಿನ ಕೋಣೆ ಇದೆ, ಯಾರು ಬೇಕಾದರೂ ಬಂದು ಕೂರಬಹುದು. ಏನು ಬೇಕಾದರೂ ಹೇಳಿಕೊಳ್ಳಬಹುದು, ಅವರಾಗಿ ಏನೂ ಕೆದಕುವುದಿಲ್ಲ. ಹರುಕೊ ಎಂಬಾಕೆಯ ಜೊತೆ ತಾಸುಕು ಪಾಳು ಮನೆಯೊಂದರ ಗೋಡೆ ಒಡೆಯುವ ಕೆಲಸಕ್ಕೆ ಇಳಿಯುತ್ತಾನೆ. ಸುತ್ತಿಗೆ ಎತ್ತಿ ಹೊಡೆಯುತ್ತ ಹೊಡೆಯುತ್ತ ಅವನೊಳಗೆ ಕಟ್ಟಿಕೊಂಡದ್ದೂ ಸಡಿಲವಾಗುವ ಆ ಪುಟಗಳನ್ನು ನಾನು ಎಷ್ಟೋ ಸಲ ತಿರುವಿದ್ದೇನೆ. ಮಾತಿಗಿಂತ ಮುಂಚೆ ಮೈಗೆ ಕೆಲಸ ಕೊಟ್ಟು ಹಗುರಾಗುವ ಬಗೆಯನ್ನು ಚಿತ್ರಕಥೆ ಮಾತ್ರವೇ ಹೀಗೆ ತೋರಿಸಬಲ್ಲದು.

ಸಲಿಂಗಿಗಳು, ಟ್ರಾನ್ಸ್ ಗಂಡು, ಇನ್ನೂ ತನ್ನನ್ನು ಹುಡುಕಿಕೊಳ್ಳುತ್ತಿರುವ ಮಗು, ಹೀಗೆ ಆ ಕೋಣೆಗೆ ಬರುವವರೆಲ್ಲರ ಕಥೆಯೂ ನಮಗೆ ಸಿಗುತ್ತದೆ. ಮನೆಯೊಡೆಯರಾದ ದಾರೆಕಾ-ಸಾನ್ ಕಥೆ ಮಾತ್ರ ಕೊನೆಯವರೆಗೂ ಹಿಂದೆ ನಿಲ್ಲುತ್ತದೆ. ಅವರಿಗೆ ಯಾರ ಮೇಲೂ ಪ್ರೇಮವಾಗಲಿ ಲೈಂಗಿಕ ಸೆಳೆತವಾಗಲಿ ಹುಟ್ಟುವುದಿಲ್ಲ ಎಂಬುದು ಕೊನೆಯ ಸಂಪುಟದಲ್ಲಿ ತಿಳಿಯುತ್ತದೆ. ತಿಳಿದ ಮೇಲೂ ಅವರು ಯಾವ ಹಣೆಪಟ್ಟಿಯ ಕೆಳಗೂ ಬಂದು ನಿಲ್ಲುವುದಿಲ್ಲ. ಮನೆಯಿಲ್ಲದವರಿಗೆಲ್ಲ ಮನೆ ತೆರೆದಿಟ್ಟವರು ಅಲೈಂಗಿಕರು ಎಂಬ ಈ ಜೋಡಣೆ ಆಕಸ್ಮಿಕವಲ್ಲ ಎಂದೇ ನನ್ನ ಓದು. ಪ್ರೇಮ ಮಾತ್ರವೇ ಇಬ್ಬರನ್ನು ಒಂದು ಸೂರಿನಡಿ ತರುತ್ತದೆ ಎಂಬ ನಂಬಿಕೆಗೆ ಕಮಾತಾನಿ ಕೊಟ್ಟ ಉತ್ತರ ಅದು.

ದಾರೆಕಾ-ಸಾನ್ ತೀರ ಗಾಳಿಯಲ್ಲಿ ತೇಲುತ್ತಾರೆ, ಇದು ಮತ್ತದೇ ಅಮಾನುಷ ಪಾತ್ರ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಬೇರೆ ಲೇಖಕರು ಬರೆದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ವ್ಯತ್ಯಾಸವೊಂದಿದೆ. ನಿನ್ನನ್ನು ವಿವರಿಸಿ ಹೇಳು ಎಂದು ಅಲೈಂಗಿಕರನ್ನು ಎಲ್ಲರೂ ಕೇಳುತ್ತಾರೆ: ಡಾಕ್ಟರಿಗೆ ತೋರಿಸಿದೆಯಾ, ಚಿಕ್ಕಂದಿನಲ್ಲಿ ಏನಾದರೂ ಆಯಿತಾ, ಸರಿಯಾದವರು ಸಿಕ್ಕಿಲ್ಲವೇನೋ. ಈ ವಿಚಾರಣೆಗೆ ಬೇಸತ್ತ ಲೇಖಕರೊಬ್ಬರು ಉತ್ತರ ಕೊಡಬೇಕಿಲ್ಲದ ಒಂದು ಪಾತ್ರವನ್ನು ಸೃಷ್ಟಿಸಿದ್ದಾರೆ. ಅವರ ಮೌನ ಅವರದೇ ಆಯ್ಕೆ, ಆ ಆಯ್ಕೆಯನ್ನು ಕಥೆ ಗೌರವಿಸುತ್ತದೆ.

ಕೃತಿಯ ಕೊನೆಯಲ್ಲಿ ಹರುಕೊ ಮತ್ತು ಸಾಕಿ ಎಂಬ ಇಬ್ಬರು ಹೆಂಗಸರ ಮದುವೆ ನಡೆಯುತ್ತದೆ. ಜಪಾನಿನ ಕಾನೂನಿನಲ್ಲಿ ಅದಕ್ಕೆ ಮಾನ್ಯತೆ ಇಲ್ಲ. ಅದೇ ಸಂಪುಟದಲ್ಲಿ ಆ ಕೋಣೆಯ ಹಿರಿಯ, ಚಾಯ್ಕೊ ಎಂದು ಎಲ್ಲರೂ ಕರೆಯುವ ಮುದುಕ, ಆಸ್ಪತ್ರೆಯಲ್ಲಿರುವ ತನ್ನ ಜೀವನಸಂಗಾತಿಗಾಗಿ ತಳಮಳಿಸುತ್ತಾನೆ. ಸಾಯುತ್ತಿರುವವರಿಗೆ ತಾನು ಯಾರು ಎಂದು ಹೇಳಿಕೊಳ್ಳಬೇಕು ಎಂಬುದು ಅವನ ಸಂಕಟ. ಮುಪ್ಪನ್ನು, ಆಸ್ಪತ್ರೆಯನ್ನು ಕಮಾತಾನಿ ಇಷ್ಟು ಹತ್ತಿರದಿಂದ ಬರೆದಿದ್ದಾರೆ, ಆದರೆ ದಾರೆಕಾ-ಸಾನ್‌ಗೆ ವಯಸ್ಸೇ ಆಗಿಲ್ಲ. ಯುರಿಕೊ ಯುವತಿ, ಚಿಕಾ ವಿದ್ಯಾರ್ಥಿನಿ, ಮಾಕಿ ಶಾಲಾ ಹುಡುಗ. ಎಪ್ಪತ್ತು ದಾಟಿದ ಅಲೈಂಗಿಕ ವ್ಯಕ್ತಿ ನಾನು ಓದಿದ ಯಾವ ಮಾಂಗಾದ ನಡುಮನೆಯಲ್ಲೂ ಕೂತಿಲ್ಲ. ಜಪಾನಿನಲ್ಲಿ ಮನೆ ಬಾಡಿಗೆಗೆ ಹಿಡಿಯಲು, ಆಸ್ಪತ್ರೆಗೆ ಸೇರಲು ಜಾಮೀನುದಾರರನ್ನು ಕೇಳುವುದು ಸಾಮಾನ್ಯ, ಅದಕ್ಕೆ ನಿರೀಕ್ಷಿಸುವುದು ರಕ್ತಸಂಬಂಧಿಯನ್ನು ಅಥವಾ ಗಂಡ ಹೆಂಡತಿಯನ್ನು. ನಮ್ಮ ಬೆಂಗಳೂರಿನಲ್ಲೂ 'ಫ್ಯಾಮಿಲಿಗೆ ಮಾತ್ರ' ಎಂಬ ಬಾಡಿಗೆ ಬೋರ್ಡು ಕಣ್ಣಿಗೆ ಬೀಳದ ಬಡಾವಣೆ ಕಡಿಮೆ. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಗೆಳತಿಯರಿಬ್ಬರಲ್ಲಿ ಒಬ್ಬಳು ಆಸ್ಪತ್ರೆಗೆ ಸೇರಿದಾಗ ಅರ್ಜಿಯ 'ಸಂಬಂಧ' ಎಂಬ ಖಾನೆಯಲ್ಲಿ ಇನ್ನೊಬ್ಬಳು ಏನು ಬರೆಯಬೇಕು, ಅದನ್ನು ಓದಿದ ಗುಮಾಸ್ತ ಏನನ್ನುತ್ತಾನೆ, ಅವಳು ಆ ರಾತ್ರಿ ಒಳಗೆ ಉಳಿಯಬಹುದೇ ಇಲ್ಲವೇ: ಈ ಕಥೆಯನ್ನು ಕೈಗೆತ್ತಿಕೊಳ್ಳುವ ಮಾಂಗಾಕಾರರಿಗಾಗಿ ನಾನು ಕಾಯುತ್ತಿದ್ದೇನೆ. ಕನ್ನಡದ ಕಥೆಗಾರರು ಮೊದಲು ಬರೆದರೆ ಇನ್ನೂ ಸಂತೋಷ.